ಪ್ಲಗ್ ತೆಗೆದಿದ್ದೆ, ಆದರೂ ಶಾಕ್ ಹೊಡೆಯಿತು

ನಾನು ಓದಿದ್ದು ಬಿ.ಕಾಂ. ಡೆಬಿಟ್ಟು, ಕ್ರೆಡಿಟ್ಟು ಬಿಟ್ರೆ ಸರ್ಕ್ಯೂಟ್ ಬಗ್ಗೆ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹಳೇ ಲ್ಯಾಪ್‌ಟಾಪ್ ಅಡಾಪ್ಟರ್ ಕೆಟ್ಟಾಗ ಎರಡು ವಿಡಿಯೋ ನೋಡಿ, ನಾನೇ ರಿಪೇರಿ ಮಾಡ್ತೀನಿ ಅಂತ ಕೂತೆ. ಪ್ಲಗ್ ತೆಗೆದಿದ್ದೆ, ಇನ್ನೇನು ಭಯ? ಡಬ್ಬಿ ಬಿಚ್ಚಿ ಬೋರ್ಡ್ ಮುಟ್ಟಿದ್ದಷ್ಟೇ, ಕುರ್ಚಿ ಸಮೇತ ಹಿಂದಕ್ಕೆ ಬಿದ್ದೆ. ಅಮ್ಮ ಅಡುಗೆಮನೆಯಿಂದ ಓಡಿ ಬಂದ್ರು. "ಪ್ಲಗ್ ತೆಗ್ದಿದ್ದೆ ಅಮ್ಮಾ" ಅನ್ನೋದೊಂದೇ ನನ್ನ ಬಾಯಲ್ಲಿ.

ಆಮೇಲೆ ಗೊತ್ತಾಯ್ತು. ಅಡಾಪ್ಟರ್ ಒಳಗೆ ಕೆಪಾಸಿಟರ್ ಇರುತ್ತೆ. ನಮ್ಮ ಮನೆಯ 230 ವೋಲ್ಟ್ ಕರೆಂಟು ಅದರಲ್ಲಿ ಸುಮಾರು 325 ವೋಲ್ಟ್ ಆಗಿ ತುಂಬಿಕೊಳ್ಳುತ್ತೆ. ಅಡಾಪ್ಟರ್ ಚೆನ್ನಾಗಿದ್ರೆ ಅದು ಬೇಗ ಖಾಲಿಯಾಗಬಹುದು. ಕೆಟ್ಟಿದ್ರೆ ಪ್ಲಗ್ ತೆಗೆದ ಮೇಲೂ ಹಾಗೇ ಉಳಿದುಬಿಡಬಹುದು. ಅಂದ್ರೆ ಕೆಟ್ಟುಹೋದದ್ದೇ ಹೆಚ್ಚು ಅಪಾಯ. ಹೊಸಬರು ಗೋಡೆಗೆ ಚುಚ್ಚುವ ಯಾವುದನ್ನೂ ಬಿಚ್ಚಬಾರದು.

ಹಾಗಾದ್ರೆ ಶುರು ಎಲ್ಲಿಂದ? ನಾನು ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಒಂದು ಬ್ರೆಡ್‌ಬೋರ್ಡ್, 9 ವೋಲ್ಟ್ ಬ್ಯಾಟರಿ, ಅದರ ಕ್ಲಿಪ್, ಕೆಂಪು ಎಲ್‌ಇಡಿ, ವೈರು, 470 ಓಮ್‌ನ ರೆಸಿಸ್ಟರ್ ತಂದೆ. ಹಳದಿ, ನೇರಳೆ, ಕಂದು ಪಟ್ಟಿ ಇರೋದು. ಬೆಸುಗೆ ಹಾಕೋ ಕೆಲಸವೇ ಇಲ್ಲ.

ಲೆಕ್ಕ ನಮ್ಮ ಕಾಮರ್ಸ್‌ನವರಿಗೂ ಸುಲಭ. ಬ್ಯಾಟರಿ 9 ವೋಲ್ಟ್, ಕೆಂಪು ಎಲ್‌ಇಡಿಗೆ ಸುಮಾರು 2. ಉಳಿದದ್ದು 7. ಅದನ್ನ 470ರಿಂದ ಭಾಗಿಸಿದ್ರೆ ಸುಮಾರು 15 ಮಿಲಿಆಂಪ್. ಸಾಮಾನ್ಯ ಎಲ್‌ಇಡಿಯ ಮಿತಿ 20. ರೆಸಿಸ್ಟರ್ ಇಲ್ಲದೆ ನೇರ ಜೋಡಿಸಿದ್ರೆ ಎಲ್‌ಇಡಿ ಸುಟ್ಟುಹೋಗುತ್ತೆ.

ಕೆಲವು ಅಭ್ಯಾಸ ಮಾಡ್ಕೊಳ್ಳಿ. ಬ್ಯಾಟರಿ ಯಾವಾಗ್ಲೂ ಕೊನೇಲಿ ಜೋಡಿಸಿ, ಏನೇ ಬದಲಾಯಿಸೋದಿದ್ರೂ ಅದನ್ನೇ ಮೊದಲು ತೆಗೀರಿ. ಎಲ್‌ಇಡಿಯ ಉದ್ದ ಕಾಲು ಪ್ಲಸ್ ಕಡೆಗೆ. ಏನಾದ್ರೂ ಬಿಸಿಯಾದ್ರೆ, ವಾಸನೆ ಬಂದ್ರೆ ತಕ್ಷಣ ಬ್ಯಾಟರಿ ತೆಗೀರಿ. 9 ವೋಲ್ಟ್ ಬ್ಯಾಟರಿನ ಚಿಲ್ಲರೆ, ಬೀಗದಕೈ ಜೊತೆ ಜೇಬಿಗೆ ಹಾಕ್ಬೇಡಿ, ಶಾರ್ಟ್ ಆಗಿ ಕಾಯುತ್ತೆ. ಹಳೇ ಮೊಬೈಲ್, ಪವರ್‌ಬ್ಯಾಂಕ್‌ನ ಲಿಥಿಯಂ ಬ್ಯಾಟರಿ ಸದ್ಯಕ್ಕೆ ಬೇಡವೇ ಬೇಡ, ಬೆಂಕಿ ಹತ್ತಬಹುದು.

ಮೊದಲ ಎಲ್‌ಇಡಿ ಹತ್ತಿದಾಗ ಅಮ್ಮನ್ನ ಕರೆದು ತೋರಿಸಿದೆ. ಅವರು ಮೊದಲು ನೋಡಿದ್ದು ಗೋಡೆಯ ಸ್ವಿಚ್ಚನ್ನ. ಆಮೇಲೆ "ಇಷ್ಟೇನಾ?" ಅಂದ್ರು. ಇಷ್ಟೇ ಅಮ್ಮಾ, ಸದ್ಯಕ್ಕೆ ಇಷ್ಟೇ ಸಾಕು.

ನಿಮ್ಮನೇಲೂ ಯಾರಾದ್ರೂ ಸ್ಕ್ರೂಡ್ರೈವರ್ ಹಿಡ್ಕೊಂಡು ಕೂತಿದ್ರೆ ಈ ಎಪಿಸೋಡ್ ಕೇಳಿಸಿ. ಮತ್ತೆ ಸಿಗೋಣ.