ವಕೀಲರಿಗೆ ಹೇಳಿದ ಗುಟ್ಟು ಎಲ್ಲಿಯವರೆಗೆ ಗುಟ್ಟು?



ವೈದ್ಯರ ಬಳಿಯೂ ವಕೀಲರ ಬಳಿಯೂ ಸುಳ್ಳು ಹೇಳಬಾರದು ಎಂದು ಹಿರಿಯರು ಹೇಳುವುದನ್ನು ಕೇಳಿದ್ದೀರಿ. ನಿಜ ಹೇಳಬೇಕಾದರೆ, ಅದು ಹೊರಗೆ ಹೋಗುವುದಿಲ್ಲ ಎಂಬ ನಂಬಿಕೆ ಬೇಕು. ಆ ನಂಬಿಕೆಗೆ ಕಾನೂನಿನ ಬಲವಿದೆ. 1872ರ ಸಾಕ್ಷ್ಯ ಕಾಯಿದೆಯ 126ನೇ ಕಲಮು ಅದನ್ನು ನೀಡಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಮು ಈಗ ನೀಡುತ್ತದೆ. ಕಕ್ಷಿದಾರರ ಸ್ಪಷ್ಟ ಒಪ್ಪಿಗೆಯಿಲ್ಲದೆ ವಕೀಲರು ಅವರ ಮಾತನ್ನು ಬಯಲು ಮಾಡುವಂತಿಲ್ಲ. ಮೊಕದ್ದಮೆ ಮುಗಿದ ಮೇಲೂ ಮಾಡುವಂತಿಲ್ಲ. ವಕೀಲರ ಗುಮಾಸ್ತರಿಗೂ ಇದೇ ಕಟ್ಟು.

ಆದರೆ ಈ ಗೋಪ್ಯತೆಗೆ ಎಲ್ಲೆ ಇಲ್ಲವೆ? ಒಂದು ಉದಾಹರಣೆ ನೋಡೋಣ. ವಿಚ್ಛೇದನದ ದಾವೆ ನಡೆದಿದೆ. ಹೆಂಡತಿ ತನಗೂ ಮಗುವಿಗೂ ಜೀವನಾಂಶ ಕೇಳಿದ್ದಾಳೆ. ಗಂಡ ತನ್ನ ವಕೀಲರನ್ನು ಹೀಗೆ ಕೇಳುತ್ತಾನೆ: "ನನ್ನ ಹೆಸರಿನಲ್ಲಿ ಬ್ಯಾಂಕಿನಲ್ಲಿ ಠೇವಣಿಯಿದೆ, ಅವಳಿಗೆ ತಿಳಿಯದು. ಅದನ್ನು ತೋರಿಸಲೇಬೇಕೆ?" ಇದು ಸಲಹೆ ಬೇಡುವ ಮಾತು. ಇದಕ್ಕೆ ರಕ್ಷಣೆಯುಂಟು. ಅದೇ ಗಂಡ, "ಠೇವಣಿ ಮುರಿದು ಹಣವನ್ನು ತಮ್ಮನಿಗೆ ಕೊಡುತ್ತೇನೆ. ಹಳೆಯ ಸಾಲ ತೀರಿಸಿದಂತೆ ಕಾಣಲು ಹಿಂದಿನ ತಾರೀಖು ಹಾಕಿ ಸಾಲಪತ್ರ ಬರೆದುಕೊಡಿ" ಎಂದರೆ? ಇದು ಕಾನೂನುಬಾಹಿರ ಉದ್ದೇಶವನ್ನು ಸಾಧಿಸಲು ಆಡಿದ ಮಾತು. ಇದಕ್ಕೆ ರಕ್ಷಣೆಯಿಲ್ಲವೆಂದು ಅದೇ ಕಲಮು ಹೇಳುತ್ತದೆ. ಕೆಲಸ ವಹಿಸಿಕೊಂಡ ಮೇಲೆ ನಡೆದ ವಂಚನೆಯನ್ನು ವಕೀಲರೇ ಗಮನಿಸಿದ್ದರೆ ಆ ಸಂಗತಿಗೂ ರಕ್ಷಣೆಯಿಲ್ಲ.

ಇನ್ನೊಂದು ಮಾತು. ಕಾನೂನು ಕಾಯುವುದು ಸಮಾಲೋಚನೆಯನ್ನು, ಆಸ್ತಿಯನ್ನಲ್ಲ. ಪಾಸ್‌ಬುಕ್ಕನ್ನು ವಕೀಲರ ಬೀರುವಿನಲ್ಲಿಟ್ಟ ಮಾತ್ರಕ್ಕೆ ಖಾತೆ ಗುಟ್ಟಾಗದು. ನ್ಯಾಯಾಲಯ ಬ್ಯಾಂಕಿನಿಂದಲೇ ಲೆಕ್ಕ ತರಿಸಬಹುದು. ಅಲ್ಲದೆ, ಜೀವನಾಂಶದ ಪ್ರಕರಣಗಳಲ್ಲಿ ಗಂಡ ಹೆಂಡತಿ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲಗಳನ್ನು ಪ್ರಮಾಣಪತ್ರದಲ್ಲಿ ತಿಳಿಸಬೇಕೆಂದು ಸುಪ್ರೀಂ ಕೋರ್ಟು 2020ರ ನವೆಂಬರ್ 4ರಂದು ತೀರ್ಪಿತ್ತಿದೆ. ಅಂದರೆ ವಕೀಲರು ಬಾಯಿ ಬಿಡಬೇಕಾಗಿಲ್ಲ. ಪ್ರಶ್ನೆ ನೇರವಾಗಿ ಕಕ್ಷಿದಾರರಿಗೇ ಬರುತ್ತದೆ. ನ್ಯಾಯಾಲಯದಲ್ಲಿ ಬೇಕೆಂದೇ ಸುಳ್ಳು ಸಾಕ್ಷ್ಯ ಕೊಟ್ಟರೆ 7 ವರ್ಷದವರೆಗೂ ಸೆರೆವಾಸವಾಗಬಹುದು.

ಹಾಗಾದರೆ ಸುಳ್ಳು ಪ್ರಮಾಣಪತ್ರ ಸಲ್ಲಿಸುತ್ತೇನೆಂದು ಕಕ್ಷಿದಾರ ಹಟ ಹಿಡಿದರೆ ವಕೀಲರು ಏನು ಮಾಡಬೇಕು? ಮೊದಲು ತಿಳಿಹೇಳಬೇಕು, ತಡೆಯಬೇಕು. ಕೇಳದಿದ್ದರೆ ಅಂಥವರ ಪರವಾಗಿ ವಾದಿಸಲು ನಿರಾಕರಿಸಬೇಕು. ಭಾರತೀಯ ವಕೀಲರ ಪರಿಷತ್ತಿನ ನಿಯಮಗಳ ಆಶಯವೂ ಇದೇ.

ಗೋಪ್ಯತೆ ಗಂಡನೊಬ್ಬನಿಗೆ ಸಿಕ್ಕ ಸವಲತ್ತಲ್ಲ. ಹೆಂಡತಿಯೂ ತನ್ನ ವಕೀಲರ ಮುಂದೆ ನಿರ್ಭಯವಾಗಿ ಮನಸ್ಸು ಬಿಚ್ಚುವುದು ಅದರ ಬಲದಿಂದಲೇ. ಆದರೆ ಆ ಮರೆಯಲ್ಲಿ ಬಚ್ಚಿಟ್ಟ ಹಣ ಒಂದು ಮಗುವಿನ ಶಾಲೆಯ ಶುಲ್ಕವಾಗಿರಬಹುದು. ಕಷ್ಟವನ್ನು ಹೇಳಿಕೊಳ್ಳುವವನಿಗೆ ಕಾನೂನು ಬಾಗಿಲು ಮುಚ್ಚಿ ಕೊಡುತ್ತದೆ; ಮೋಸ ಹೂಡುವವನಿಗೆ ಕೊಡುವುದಿಲ್ಲ. ಈ ವ್ಯತ್ಯಾಸವನ್ನು ನೀವು ನೆನಪಿನಲ್ಲಿಡಬೇಕು.