ಸೂಲಗಿತ್ತಿ ಬರೆದಿಟ್ಟ ಅಮೆರಿಕ

ಕೈಯಲ್ಲೇ ಹೊಲಿದ ಪುಟ್ಟ ಪುಸ್ತಕ. ಒಳಗೆ ಒತ್ತೊತ್ತಾದ ಸಾಲುಗಳು. ಇವತ್ತು ಮಳೆ ಬಂತೋ ಹಿಮ ಬಿತ್ತೋ, ಯಾರ ಮನೆಗೆ ಹೋಗಿದ್ದೆ, ಮಗ್ಗದಲ್ಲಿ ಎಷ್ಟು ನೇಯ್ದದ್ದಾಯಿತು. ಅಂಚಿನಲ್ಲಿ ಹೆರಿಗೆಗಳ ಲೆಕ್ಕ. ಕೂಲಿ ಕೈಸೇರಿದ್ದರೆ ಅದಕ್ಕೊಂದು ಗುರುತು.

ಬರೆದವರು ಮಾರ್ಥಾ ಬ್ಯಾಲರ್ಡ್. ಊರು ಹ್ಯಾಲೊವೆಲ್, ಇಂದಿನ ಮೇನ್ ರಾಜ್ಯದ ಕೆನಬೆಕ್ ನದಿಯ ದಂಡೆಯಲ್ಲಿದೆ. ಐವತ್ತರ ಹೊಸ್ತಿಲಲ್ಲಿದ್ದ ಈ ಸೂಲಗಿತ್ತಿ 1785ರ ಜನವರಿಯಲ್ಲಿ ದಿನಚರಿ ಶುರುಮಾಡಿ 1812ರ ಮೇವರೆಗೂ ಬರೆದರು. ಅದರಲ್ಲಿ 816 ಹೆರಿಗೆಗಳ ದಾಖಲೆಯಿದೆ.

ಈ ದಿನಚರಿಯಂತೆ, ನಡೆದ ಕಾಲದಲ್ಲೇ ನಡೆಸಿದವರೋ ಕಂಡವರೋ ಬಿಟ್ಟುಹೋದದ್ದು ಪ್ರಾಥಮಿಕ ಆಕರ. ಅಂಥವನ್ನು ಆಮೇಲೆ ಓದಿ, ಅಳೆದು, ಅರ್ಥ ಹೇಳುವ ಬರಹ ದ್ವಿತೀಯಕ ಆಕರ. ಪಠ್ಯಪುಸ್ತಕ ಇಷ್ಟಕ್ಕೇ ನಿಲ್ಲುತ್ತದೆ. ಕುತೂಹಲ ಇರುವುದು ಎರಡೂ ಎದುರುಬದುರಾದಾಗ.

ಈ ದಿನಚರಿ ಹಳೆಯ ಇತಿಹಾಸಕಾರರ ಕಣ್ಣಿಗೂ ಬಿದ್ದಿತ್ತು. ಯುದ್ಧವಿಲ್ಲ, ರಾಜಕೀಯವಿಲ್ಲ, ಬರೀ ಮನೆವಾರ್ತೆ ಎಂದು ಅವರು ಅದನ್ನು ಬದಿಗಿಟ್ಟರು. ಇತಿಹಾಸಕಾರ್ತಿ ಲಾರೆಲ್ ಥ್ಯಾಚರ್ ಅಲ್ರಿಚ್ ಅದೇ ಮನೆವಾರ್ತೆಯನ್ನು ಒಂದೊಂದಾಗಿ ಎಣಿಸಿದರು. ಕೋರ್ಟಿನ ಕಡತ, ಊರಿನ ದಾಖಲೆ, ನೆರೆಹೊರೆಯವರ ಬರಹಗಳ ಪಕ್ಕದಲ್ಲಿಟ್ಟು ಓದಿದರು. ಗಂಡಸರ ಲೆಕ್ಕದ ಪುಸ್ತಕಗಳಲ್ಲಿ ಕಾಣಿಸದ ಹೆಂಗಸರ ದುಡಿಮೆ, ಕೊಡು-ಕೊಳ್ಳುವ ವ್ಯವಹಾರ, ಎಲ್ಲವೂ ಮೇಲೆದ್ದು ಬಂತು. 1990ರಲ್ಲಿ ಬಂದ ಅವರ ‘ಎ ಮಿಡ್‌ವೈಫ್ಸ್ ಟೇಲ್’ ಮರುವರ್ಷ ಪುಲಿಟ್ಜರ್ ಪಡೆಯಿತು.

ಒಂದು ದಿನದ ಬರಹ ನೋಡೋಣ. 1791ರ ಅಕ್ಟೋಬರ್. ಮದುವೆಯಾಗದ ಸ್ಯಾಲಿ ಪಿಯರ್ಸ್‌ಗೆ ಹೆರಿಗೆ. ಮಗುವಿನ ತಂದೆ ಮಾರ್ಥಾರ ಸ್ವಂತ ಮಗ ಜೊನಾಥನ್ ಎಂದು ಆಕೆ ಹೇಳಿದಳು. ಮಾರ್ಥಾ ಅದನ್ನೂ ಬರೆದಿಟ್ಟರು. ಕಣ್ಣೀರಿಲ್ಲ, ಕೋಪವಿಲ್ಲ. ಇಷ್ಟನ್ನೇ ಓದಿದರೆ ಊರ ಸುದ್ದಿ ಅನ್ನಿಸಬಹುದು. ಆದರೆ ಅಂದಿನ ಕಾನೂನಿನಲ್ಲಿ, ನೋವು ತಿನ್ನುವ ಹೊತ್ತಿಗೆ ಹೆಣ್ಣು ಹೇಳಿದ ಹೆಸರಿಗೆ ಸಾಕ್ಷ್ಯದ ಬೆಲೆಯಿತ್ತು. ಆ ಹೆಸರನ್ನು ಕೇಳಿ ತಿಳಿಯುವುದು ಸೂಲಗಿತ್ತಿಯ ಹೊಣೆ. ಅಂದರೆ ಮಾರ್ಥಾ ಅವತ್ತು ತಮ್ಮ ಮಗನ ವಿರುದ್ಧವೇ ಸಾಕ್ಷಿಯಾಗಿ ಕೂತಿದ್ದರು. ಇದು ನಮಗೆ ಹೊಳೆಯುವುದು ಅಲ್ರಿಚ್ ವಿವರಿಸಿದ ಮೇಲೆಯೇ. ಮರುವರ್ಷದ ಆರಂಭದಲ್ಲಿ ಜೊನಾಥನ್ ಮತ್ತು ಸ್ಯಾಲಿಯ ಮದುವೆಯಾಯಿತು.

ಹಾಗೆಂದು ಅಲ್ರಿಚ್ ಮಾತೇ ಕೊನೆಯದಲ್ಲ. ದಿನಚರಿಯ ಪುಟಗಳು ಈಗ ಇಂಟರ್‌ನೆಟ್‌ನಲ್ಲೇ ಸಿಗುತ್ತವೆ. ದಯವಿಟ್ಟು ತೆರೆದು ನೋಡಿ. ಪುಸ್ತಕ ಓದಿ, ಪುಟಕ್ಕೆ ಮರಳಿ, ಅವರು ಕಂಡದ್ದು ನಿಮಗೂ ಕಾಣುತ್ತದೆಯೇ ಎಂದು ಕೇಳಿಕೊಳ್ಳಿ. ಅಕ್ಷರ ತೊಡಕಿನದು, ಕಾಗುಣಿತ ಮಾರ್ಥಾರದೇ. ನಾಲ್ಕು ದಿನ ತಾಳ್ಮೆ ಇಟ್ಟರೆ ಆ ಕೈಬರಹ ಪರಿಚಯವಾಗುತ್ತದೆ.

ಪ್ರಾಥಮಿಕ ಆಕರ ಅಂದಮಾತ್ರಕ್ಕೆ ಎಲ್ಲವನ್ನೂ ಹೇಳುತ್ತದೆ ಎಂದೂ ನಂಬಬೇಡಿ. ಮಾರ್ಥಾ ತೀರಿಕೊಂಡಾಗ ಅವರಿಗೆ 77 ವರ್ಷ. ಕೆಲವೇ ವಾರಗಳ ಹಿಂದೆಯೂ ಹೆರಿಗೆ ಮಾಡಿಸಿದ್ದರು. 1812ರ ಜೂನ್‌ನಲ್ಲಿ ಪತ್ರಿಕೆಯೊಂದು ಸಾವಿನ ಸುದ್ದಿ ಅಚ್ಚುಹಾಕಿತು: ಅವರ ಹೆಸರು, ವಯಸ್ಸು, ಎಫ್ರೇಮ್ ಬ್ಯಾಲರ್ಡ್ ಅವರ ಹೆಂಡತಿ ಎಂಬ ಗುರುತು. ಅದೂ ಪ್ರಾಥಮಿಕ ಆಕರವೇ. ಆದರೆ ಆ 816 ಹೆರಿಗೆಗಳ ಬಗ್ಗೆ ಅದರಲ್ಲಿ ಒಂದಕ್ಷರವೂ ಇರಲಿಲ್ಲ.