ಉಪ್ಪು ನೀರು, ಜೆಲ್ ಮತ್ತು ಸಾಬೂನು



1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಪತ್ತಿನ ಸಹಕಾರ ಸಂಘ ಕಟ್ಟಿದ ಊರು ಕಣಗಿನಹಾಳ. ಸಾಲ ತೆಗೆಯುವ ಮೊದಲು ಲೆಕ್ಕ ಹಾಕುವುದನ್ನು ಇಲ್ಲಿಯವರಿಗೆ ಯಾರೂ ಕಲಿಸಬೇಕಿಲ್ಲ. ಹೊಲದಲ್ಲಿ ತೇವ ಹಿಡಿಯಲೆಂದು ಹೈಡ್ರೋಜೆಲ್ ಕೊಳ್ಳುವಾಗಲೂ ಒಂದು ಲೆಕ್ಕ ಬೇಕು. ಅದು ನೀರಿನಲ್ಲಿ ಕರಗಿದ ಉಪ್ಪಿನ ಲೆಕ್ಕ.

ಜೆಲ್ಲಿನ ಹರಳು ಸೂಕ್ಷ್ಮ ಎಳೆಗಳ ಬಲೆ. ಎಳೆಗಳ ಮೇಲಿನ ವಿದ್ಯುದಂಶಗಳು ಒಂದನ್ನೊಂದು ತಳ್ಳುವುದರಿಂದ ಬಲೆ ಹಿಗ್ಗಿ, ಕಾಮಕಸ್ತೂರಿ ಬೀಜದಂತೆ ನೀರು ಕುಡಿಯುತ್ತದೆ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಪೂಸಾ ಹೈಡ್ರೋಜೆಲ್ ಶುದ್ಧ ನೀರನ್ನು ತನ್ನ ತೂಕದ 350 ಪಟ್ಟಾದರೂ ಹೀರುತ್ತದೆ. ನೀರಿನಲ್ಲಿ ಉಪ್ಪಿದ್ದರೆ ಈ ತಳ್ಳಾಟ ತಗ್ಗಿ ಹೀರಿಕೆ ಕಡಿಮೆಯಾಗುತ್ತದೆ. ಗಡಸು ನೀರಿನ ಸುಣ್ಣದಂಶವಂತೂ ಎಳೆಗೆ ಎಳೆ ಸೇರಿಸಿ ಗಂಟು ಹಾಕುತ್ತದೆ.

ಬಿಸಿಗೆ ಕುಗ್ಗುವ ಜೆಲ್ಲುಗಳೂ ಇವೆ. ಅವುಗಳಲ್ಲಿ ಹೆಸರಾದದ್ದು ಸುಮಾರು 32 ಡಿಗ್ರಿ ಸೆಲ್ಸಿಯಸ್ ದಾಟಿದೊಡನೆ ನೀರು ಬಿಟ್ಟುಕೊಡುತ್ತದೆ. ಬಟ್ಟೆ ಒಗೆಯುವ ಪುಡಿಯಲ್ಲಿರುವಂಥ ಮಾರ್ಜಕ ಅದರ ಎಳೆಗಳಿಗೆ ಅಂಟಿದರೆ ಇನ್ನೂ ಹೆಚ್ಚಿನ ಬಿಸಿಯವರೆಗೆ ಹಿಗ್ಗಿ ನಿಲ್ಲುತ್ತದೆ. ಅಡಿಗೆ ಉಪ್ಪು ಬೆರೆತರೆ ಮಾರ್ಜಕ ಇನ್ನೂ ಸುಲಭವಾಗಿ ಅಂಟುತ್ತದೆ. ಆದರೆ ತಳ್ಳಾಟ ಅಡಗಿಹೋಗುವುದರಿಂದ ಅಂಟಿದ ಲಾಭ ಪೂರ್ತಿ ದಕ್ಕುವುದಿಲ್ಲ. ಇಂಥ ಜೆಲ್ ಪ್ರಯೋಗಶಾಲೆಗೆ ಸರಿ, ಬೇಸಿಗೆಯ ಎರೆ ಭೂಮಿಗೆ ಸಲ್ಲದು. ಪೂಸಾ ಜೆಲ್ 40ರಿಂದ 50 ಡಿಗ್ರಿ ಬಿಸಿಯಲ್ಲೂ ಚೆನ್ನಾಗಿ ಹೀರುತ್ತದೆ.

ಸಿಂಪರಣೆಯ ಸಾಬೂನಿಗೂ ಉಪ್ಪಿನ ಕಾಟ ತಪ್ಪಿದ್ದಲ್ಲ. ಉಳ್ಳಾಗಡ್ಡಿಯ ಎಲೆಗೆ ಮೇಣದ ಲೇಪವಿದೆ, ಬರೀ ನೀರು ಅದರ ಮೇಲೆ ನಿಲ್ಲದೆ ಜಾರುತ್ತದೆ. ಆದ್ದರಿಂದಲೇ ಬೇವಿನ ಬೀಜದ ಕಷಾಯಕ್ಕೆ ಸಾಬೂನು ಬೆರೆಸುವುದು. ಗಡಸು ನೀರಿನಲ್ಲಿ ಸಾಬೂನು ನೊರೆಯಾಗದೆ ಗಸಿಯಾಗಿ ಒಡೆಯುತ್ತದೆ. ಆ ಗಸಿ ಸಿಂಪರಣೆ ಯಂತ್ರದ ಮೂತಿ ಕಟ್ಟಿಸುತ್ತದೆ, ಔಷಧ ನೆಲದ ಪಾಲಾಗುತ್ತದೆ. ನೊರೆ ಬರಲಿಲ್ಲವೆಂದು ಸಾಬೂನು ಸುರಿಯುತ್ತ ಹೋದರೆ ಎಲೆ ಸುಟ್ಟೀತು. ಮಳೆಯ ನೀರೋ ಕೆರೆಯ ಮೆದು ನೀರೋ ಇದಕ್ಕೆ ಒಳ್ಳೆಯದು.

ಜೆಲ್ಲಿಗೆ ದುಡ್ಡು ಹಾಕುವ ಮೊದಲು ಒಂದು ಪರೀಕ್ಷೆ ಮಾಡಿರಿ. ಹೊಲದ ಎರಡು ಹಿಡಿ ಮಣ್ಣನ್ನು ಎರಡು ಲೀಟರ್ ಮಳೆನೀರಿನಲ್ಲಿ ಕದಡಿ, ರಾತ್ರಿ ಬಿಟ್ಟು, ತಿಳಿ ಬಸಿದುಕೊಳ್ಳಿರಿ. ಒಂದು ಲೀಟರ್ ತಿಳಿ, ಒಂದು ಲೀಟರ್ ಕೊಳವೆ ಬಾವಿಯ ನೀರು, ಒಂದು ಲೀಟರ್ ಮಳೆನೀರು ಬೇರೆ ಬೇರೆ ಇಟ್ಟು ಒಂದೊಂದಕ್ಕೂ ಒಂದು ಗ್ರಾಂ ಜೆಲ್ ಹಾಕಿರಿ. ಮರುದಿನ ಬಟ್ಟೆಯಲ್ಲಿ ಸೋಸಿ ಉಳಿದ ನೀರನ್ನು ಅಳೆಯಿರಿ. ಮಳೆನೀರಿನ ಪಾತ್ರೆಗಿಂತ ಉಳಿದೆರಡರಲ್ಲಿ ಬಹಳ ನೀರು ಮಿಕ್ಕಿದ್ದರೆ, ಎಕರೆಗೆ ಒಂದೆರಡು ಕಿಲೋ ಹಾಕಿದರೂ ಹೇಳಿದಷ್ಟು ತೇವ ನಿಲ್ಲದು. ಆ ಹಣವನ್ನು ಬದು ಕಟ್ಟಲು, ಕೃಷಿ ಹೊಂಡ ತೋಡಲು ಹಾಕುವುದೇ ಲೇಸು.